ರಸಸಾರ 4.9 ಇರುವ ಅಡಿಕೆ ತೋಟಕ್ಕೆ ಸುಣ್ಣವನ್ನು ಗೊಬ್ಬರದ ಜೊತೆಗೇ ಕೊಡಬಹುದೇ?

ಸಾಗರದ ಕಡೆಯ ತಮ್ಮ ಅಡಿಕೆ ತೋಟದ ಮಣ್ಣು ಪರೀಕ್ಷೆಯಲ್ಲಿ ರಸಸಾರ (ಮಣ್ಣಿನ ಹುಳಿ ಅಳೆಯುವ pH; ಏಳಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) 4.9 ಬಂದಿದೆ, ಸುಣ್ಣವನ್ನು ಮುಂಗಾರಿನ ಗೊಬ್ಬರದ ಜೊತೆಗೇ ಕೊಟ್ಟರೆ ಆಳಿನ ಖರ್ಚು ಉಳಿಯುವುದಿಲ್ಲವೇ ಎಂದು ಕೇಳಿದ್ದೀರಿ. ಸುಣ್ಣ ಬೇಕೇ ಬೇಕು, ಆದರೆ ಗೊಬ್ಬರದ ಜೊತೆಗೆ ಬೇಡ.

ಸುಣ್ಣ ತಾಗಿದಲ್ಲಿ ಯೂರಿಯಾದ ಸಾರಜನಕವು ಅಮೋನಿಯಾ ಆಗಿ ಗಾಳಿಗೆ ಹೋಗುವುದರಿಂದ, ಕೂಲಿಯಲ್ಲಿ ಉಳಿಸಿದ್ದು ಗೊಬ್ಬರದಲ್ಲಿ ಕಳೆದುಹೋಗುತ್ತದೆ. ಶಿಲಾರಂಜಕ (ರಾಕ್ ಫಾಸ್ಫೇಟ್ ಗೊಬ್ಬರ) ಬಳಸುವವರಾದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದು ಕರಗುವುದೇ ಮಣ್ಣಿನ ಹುಳಿಯಿಂದ. ನಾನು ಏಪ್ರಿಲ್-ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು ಮಣ್ಣು ಹದವಾದಾಗ ದರಕು (ಒಣಎಲೆಯ ಹೊದಿಕೆ) ಸರಿಸಿ, ಸುಣ್ಣವನ್ನು ಬುಡದಿಂದ ಎರಡು-ಮೂರು ಅಡಿ ಸುತ್ತಲೂ ಹರಡಿ, ಮೇಲುಮಣ್ಣಿನಲ್ಲಿ ಕೆದಕಿ ಬೆರೆಸಿ, ಮೂರು-ನಾಲ್ಕು ವಾರ ಬಿಟ್ಟು ಗೊಬ್ಬರ ಕೊಡುತ್ತೇನೆ. ಆ ಹೊತ್ತು ತಪ್ಪಿದರೆ ಮಳೆಯ ಅಬ್ಬರ ಇಳಿಯುವವರೆಗೆ ಕಾಯುವುದು ಮೇಲು. ಜುಲೈನಲ್ಲಿ ಹಾಕಿದ ಪುಡಿ ಬಸಿಗಾಲುವೆ ಸೇರುತ್ತದೆ.

ಪ್ರಮಾಣದ ವಿಷಯದಲ್ಲಿ ರಸಸಾರವೊಂದನ್ನೇ ನಂಬಬೇಡಿ. ಸುಣ್ಣ ಬೇಕೋ ಬೇಡವೋ ಎಂಬುದನ್ನು ಅದು ಹೇಳುತ್ತದೆ, ಎಷ್ಟು ಬೇಕೆಂಬುದನ್ನು ಹೇಳುವುದಿಲ್ಲ: ಅದೇ 4.9 ಇದ್ದರೂ ಹೊಳೆಬದಿಯ ಮರಳುಮಣ್ಣಿಗೆ ಸಾಕಾಗುವಷ್ಟು ಸುಣ್ಣ ಜಿಗುಟಾದ, ಸೊಪ್ಪು ಕೊಳೆತು ಕಪ್ಪಾದ ಮಣ್ಣಿಗೆ ಏತಕ್ಕೂ ಸಾಲದು. ಪ್ರಯೋಗಾಲಯದವರನ್ನು ‘ಸುಣ್ಣದ ಅಗತ್ಯ’ ಎಷ್ಟೆಂದು ಪ್ರತ್ಯೇಕವಾಗಿಯೇ ಕೇಳಿ. ಅದು ಸಿಗುವವರೆಗೆ ಮರಕ್ಕೆ ಅರ್ಧ ಕೆಜಿಯಿಂದ ಆರಂಭಿಸಿ, ಎರಡು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿಸುವುದು ಕ್ಷೇಮ. ಗುರಿ 5.5ರಿಂದ 6, ಏಳಕ್ಕೆ ಏರಿಸುವ ಹಟ ಬೇಡ, ಅತಿಯಾದ ಸುಣ್ಣದಿಂದ ಸತು ಮತ್ತು ಬೋರಾನ್ ಗಿಡಕ್ಕೆ ದಕ್ಕದಂತಾಗುತ್ತವೆ.

ಮಣ್ಣಿನ ಹುಳಿ ಏನು ಮಾಡುತ್ತದೆ ಎಂಬುದನ್ನು ತಾವೇ ನೋಡಬಹುದು. ಬುಡದ ಪಕ್ಕದಲ್ಲಿ ಒಂದು ಗೇಣು ಅಗೆದು ನೋಡಿದಾಗ ಹೊಸ ಬೇರಿನ ಬಿಳಿ ತುದಿಗಳು ವಿರಳವಾಗಿ, ಇದ್ದವೂ ಮೊಂಡಾಗಿ ಕಂದಿದ್ದರೆ, ಕರಗಿದ ಅಲ್ಯೂಮಿನಿಯಂ ಬೇರನ್ನು ಸುಡುತ್ತಿರುವ ಸಾಧ್ಯತೆ ಹೆಚ್ಚು. ಆದರೆ ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತ ತೋಟದಲ್ಲೂ ಬೇರು ಹೀಗೆಯೇ ಕೊಳೆಯುವುದರಿಂದ ಮೊದಲು ಕಾಲುವೆ ನೋಡಿಕೊಳ್ಳಿ. ಹಳದಿ ಎಲೆ ರೋಗಕ್ಕೂ ಸುಣ್ಣವೇ ಮದ್ದು ಎಂದು ಹೇಳುವವರಿದ್ದಾರೆ. ಅದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ, ಸುಣ್ಣದಿಂದ ವಾಸಿಯಾಗುವುದಿಲ್ಲ.

ಮಳೆ ಹೆಚ್ಚಿರುವ ನಮ್ಮ ಕಡೆ ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಕೂಡ ತೊಳೆದುಹೋಗುವುದರಿಂದ, ಎರಡೂ ಇರುವ ಡೋಲೋಮೈಟ್ ನನ್ನ ಆಯ್ಕೆ. ಕೊಳ್ಳುವಾಗ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ: ಹಿಟ್ಟಿನಂತಿರಬೇಕು, ಮರಳಿನಂತೆ ತರಿತರಿಯಾದದ್ದು ವರ್ಷಗಟ್ಟಲೆ ಕರಗದೆ ಬಿದ್ದಿರುತ್ತದೆ. ಕಪ್ಪೆಚಿಪ್ಪಿನ ಸುಣ್ಣವೂ ಆಗುತ್ತದೆ, ಆದರೆ ಸುಟ್ಟು ಅರಳಿಸಿದ್ದಾದ ಕಾರಣ ಅದು ತೀಕ್ಷ್ಣ. ಪ್ರಮಾಣವನ್ನು ಕಾಲುಭಾಗದಷ್ಟು ಇಳಿಸಿ, ಬುಡಕ್ಕೆ ತಾಗದಂತೆ ಹಾಕಿ. ಜಿಪ್ಸಂ ಮಾತ್ರ ಬೇಡ, ಅದರಿಂದ ರಸಸಾರ ಏರುವುದಿಲ್ಲ.

ಮರಕ್ಕೆ ಕಾಳುಮೆಣಸು ಹಬ್ಬಿಸಿದ್ದರೆ, ಹುಳಿ ಮಣ್ಣಿನಲ್ಲಿ ಬಳ್ಳಿಗೂ ವರ್ಷ ಬಿಟ್ಟು ವರ್ಷ ಅರ್ಧ ಕೆಜಿ ಅರಳಿದ ಸುಣ್ಣದ ಶಿಫಾರಸು ಇದೆ. ಎರಡರ ಬೇರೂ ಒಂದೇ ಬುಡದಲ್ಲಿರುವುದರಿಂದ ಲೆಕ್ಕವನ್ನು ಒಟ್ಟಾಗಿಯೇ ಹಾಕಿ, ಎರಡು ಸಲ ಸುರಿಯಬೇಡಿ.