ಅಮ್ಮನ ಕಲ್ಲಿನ ಮೇಲೆ ಏನು ಬರೆಸೋದು?

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆದದ್ದು.)

ತಂದೆ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗನಿಗೆ ಸಾಫ್ಟ್‌ವೇರ್ ಕೆಲಸ. ಉತ್ತರ ಕರ್ನಾಟಕದ ಹಳೆಯ ಪ್ರೊಟೆಸ್ಟೆಂಟ್ ಕುಟುಂಬ. ತಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು, ಸಮಾಧಿಗೆ ಕಲ್ಲು ಕೂರಿಸಬೇಕಿತ್ತು. "ಕರ್ತನ ಬರೋಣವನ್ನು ಎದುರುನೋಡುತ್ತ ನಿದ್ರಿಸುತ್ತಿದ್ದಾರೆ" ಅಂತ ಬರೆಸಬೇಕು ಎಂದು ತಂದೆಯ ಹಟ. (ಬರೋಣ ಅಂದರೆ ಯೇಸು ಮತ್ತೆ ಬರುವುದು.) ಅದು ಸುಳ್ಳು, ಆ ಸಾಲಿನ ಕೆಳಗೆ ನನ್ನ ಹೆಸರು ಬೇಡ ಎಂದು ಮಗ. ಮಾತು ನಿಂತಿತ್ತು. ಮಾತಾಡಿ ಬಗೆಹರಿಸಿಕೊಳ್ಳಲಿ ಎಂದು ಇಬ್ಬರನ್ನೂ ನನ್ನ ಹತ್ತಿರ ಕರೆದುಕೊಂಡು ಬಂದವರು ಸೊಸೆ.

ಮಗನ ವಾದ ಹೀಗೆ. ಯೆರೂಸಲೇಮಿನ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲುವುದಿಲ್ಲ ಎಂದು ಬೈಬಲಿನ ಮತ್ತಾಯ 24ರಲ್ಲಿ ಯೇಸು ಹೇಳುತ್ತಾರೆ. ಈ ತಲೆಮಾರು ಕಳೆಯುವ ಮೊದಲೇ ಇದೆಲ್ಲ ಆಗುತ್ತದೆ ಅಂತಲೂ ಅಲ್ಲೇ 34ನೇ ವಚನದಲ್ಲಿದೆ. ಅದಾಗಿ ಸುಮಾರು 40 ವರ್ಷಕ್ಕೆ, ಕ್ರಿ.ಶ. 70ರಲ್ಲಿ, ಟೈಟಸನ ರೋಮನ್ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿತು, ದೇವಾಲಯ ಸುಟ್ಟುಹೋಯಿತು. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಬರುವ ಮೃಗದ ಸಂಖ್ಯೆ 666 ಕೂಡ ರೋಮಿನ ನೀರೋ ಚಕ್ರವರ್ತಿಯೇ. ಅವನ ಹೆಸರು, ಬಿರುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಬೆಲೆ ಕೂಡಿಸಿದರೆ ಆ ಸಂಖ್ಯೆ ಬರುತ್ತದೆ. ಹಾಗಾಗಿ ಬರೋಣ, ತೀರ್ಪು, ಸತ್ತವರ ಪುನರುತ್ಥಾನ ಎಲ್ಲವೂ ಆಗಲೇ ಆಗಿಹೋಗಿದೆ.

"ಇದೆಲ್ಲ ಯೂಟ್ಯೂಬ್ ನೋಡಿ ಹತ್ತಿದ ಹುಚ್ಚು ಮೇಡಂ" ಅಂದರು ತಂದೆ. ಹಾಗೆ ತಳ್ಳಿಹಾಕುವಂಥದ್ದಲ್ಲ. ಪ್ರಕಟನೆಯ ಬಹುಭಾಗ ಹಳೆಯ ಕಾಲದಲ್ಲೇ ನೆರವೇರಿತು ಎಂದು ಲೂಯಿಸ್ ದೆ ಅಲ್ಕಾಸರ್ ಎಂಬ ಕ್ಯಾಥೊಲಿಕ್ (ಜೆಸ್ವಿಟ್) ಪಾದ್ರಿಯ ದೊಡ್ಡ ಗ್ರಂಥ 1614ರಲ್ಲೇ ಅಚ್ಚಾಗಿದೆ. ಆದರೆ ತಂದೆಯೂ ಸುಮ್ನೆ ಮಾತಾಡುವವರಲ್ಲ. ಪ್ರಕಟನೆ ಬರೆದದ್ದು ರೋಮನ್ ಚಕ್ರವರ್ತಿ ದೊಮಿಷಿಯನ್ ಆಳ್ವಿಕೆಯ ಕೊನೆಯಲ್ಲಿ, ಅಂದರೆ ಕ್ರಿ.ಶ. 95ರ ಆಸುಪಾಸು, ಅಂತ ಎರಡನೇ ಶತಮಾನದ ಬಿಷಪ್ ಐರೇನಿಯಸ್ ಹೇಳಿದ ಮಾತನ್ನು ಮುಂದಿಟ್ಟರು. 70 ಆದಮೇಲೆ ಬರೆದದ್ದು 70ರ ಭವಿಷ್ಯವಾಣಿ ಹೇಗಾಗುತ್ತೆ? ಪುನರುತ್ಥಾನ ಆಗಿಹೋಯಿತು ಎಂದವರನ್ನು ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಬೈದಿದ್ದಾನೆ, ಹುಮೆನಾಯ, ಫಿಲೇತ ಅಂತ ಹೆಸರು ಹಿಡಿದೇ. ಆ ವಚನವನ್ನು ತಂದೆ ಮಗನಿಗೆ ಮಧ್ಯರಾತ್ರಿ ವಾಟ್ಸಾಪ್ ಮಾಡಿದ್ದರಂತೆ!

ಇಬ್ಬರೂ ಓದಿಕೊಂಡವರು, ವಾದ ಕೇಳಲು ಚೆನ್ನಾಗಿಯೇ ಇತ್ತು. ಆದರೆ ಅಷ್ಟು ಹೊತ್ತಿನಲ್ಲಿ ತೀರಿಹೋದ ತಾಯಿಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಮುಂದೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದೆ.

ಮಗ ಹೇಳಿದ್ದು ಬಾಲ್ಯದ ಕಥೆ. ಶಾಲೆ ಬಿಟ್ಟು ಬಂದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ ಎದೆ ಡವಡವ. ಅಂತ್ಯಕಾಲ ಬಂತು, ಅಪ್ಪ ಅಮ್ಮನನ್ನು ಕರ್ತನು ಪರಲೋಕಕ್ಕೆ ಎತ್ತಿಕೊಂಡ, ನನ್ನನ್ನು ಬಿಟ್ಟುಹೋದ ಅಂತ ಹಿತ್ತಲಲ್ಲಿ ಕೂತು ಅಳುತ್ತಿದ್ದನಂತೆ. ಕಾಲೇಜು ಮುಗಿದ ಮೇಲೂ ಯುದ್ಧದ ಸುದ್ದಿ ಬಂದರೆ ನಿದ್ದೆ ಇಲ್ಲ. ಇದೆಲ್ಲ 70ರಲ್ಲೇ ಮುಗಿದಿದೆ ಎಂದು ಓದಿದ ದಿನ ಮೊದಲ ಸಲ ಹಗುರ ಅನಿಸಿತಂತೆ.

ತಂದೆಯದು ಬೇರೆ ಸಂಕಟ. "ಅದು ಮುಗಿದಿದ್ದರೆ ನಾನು ಅವಳನ್ನು ನೋಡೋದು ಯಾವಾಗ?" ಅಂದರು. ರಾತ್ರಿ ಒಬ್ಬರೇ ಕೂತು ಅಂತ್ಯಕಾಲದ ವಿಡಿಯೋ ನೋಡುತ್ತಾರೆ. ಕೆಲವದರಲ್ಲಿ ತಾರೀಕೂ ಇರುತ್ತದೆ. ಬೇಗ ಬರಲಿ ಎಂಬ ಆಸೆ, ಅಲ್ವಾ?

ಮಗನ ಭಯ ತೆಗೆದ ಮಾತೇ ತಂದೆಯ ಆಸರೆ ಕಸಿದಿತ್ತು. ನನ್ನ ಪ್ರಕಾರ ಜಗಳದ ಮುಕ್ಕಾಲು ಪಾಲು ಇದೇ.

ನಾನು ಚರ್ಚಿನ ಸಭಾಪಾಲಕಿ (ಪಾಸ್ಟರ್) ಅಲ್ಲ, ತೀರ್ಪು ಕೊಡುವುದಿಲ್ಲ ಎಂದು ಮೊದಲೇ ಹೇಳಿದೆ. ಆದರೆ ಇಬ್ಬರೂ ಒಪ್ಪುವುದನ್ನು ಹಾಳೆಯ ಮೇಲೆ ಬರೆಸಿದೆ. ಯೆರೂಸಲೇಮನ್ನು ಸೈನ್ಯ ಸುತ್ತುವುದನ್ನು ಕಂಡಾಗ ಅದರ ಹಾಳು ಹತ್ತಿರ ಎಂಬ ಲೂಕ 21:20 ಕ್ರಿ.ಶ. 70ಕ್ಕೆ ಸೇರಿದ್ದು ಎಂದು ಇಬ್ಬರೂ ಬರೆದರು! ಮತ್ತಾಯ 24ರ ಹೆಚ್ಚಿನ ಭಾಗ ಆಗಲೇ ನೆರವೇರಿತು, ಆದರೆ ಕೊನೆಯ ಬರೋಣ ಮತ್ತು ಪುನರುತ್ಥಾನ ಇನ್ನೂ ಮುಂದಿದೆ ಎನ್ನುವ ಸಂಪ್ರದಾಯಸ್ಥ ಪಂಡಿತರು ಬಹಳ ಜನ ಇದ್ದಾರೆ. ತಂದೆಗೆ ಇದು ಮುಖ್ಯ. 70ನ್ನು ಒಪ್ಪಿದರೆ ಹೆಂಡತಿಯನ್ನು ಕಾಣುವ ಆಸೆ ಬಿಡಬೇಕಿಲ್ಲ. ಮಗನಿಗೂ ಒಂದು ಮಾತು ಹೇಳಿದೆ: ಭಯ ಹೋಗುವುದಕ್ಕೆ ಎಲ್ಲವೂ ಮುಗಿದಿರಲೇಬೇಕು ಅಂತೇನಿಲ್ಲ. ಹೆದರಿದ ಆ ಹುಡುಗನ ವಿಷಯವನ್ನು ಅಪ್ಪನಿಗೆ ಹೇಳಿ, ವಚನ ಸೇರಿಸದೆ ಹೇಳಿ.

ತಾರೀಕಿನ ವಿಡಿಯೋ ಬಗ್ಗೆ ವಿಲಿಯಂ ಮಿಲ್ಲರ್ ಎಂಬ ಬೋಧಕನ ಅನುಯಾಯಿಗಳ ನೆನಪು ಮಾಡಿಕೊಟ್ಟೆ. ಅಮೆರಿಕದಲ್ಲಿ ಸಾವಿರಾರು ಜನ ಯೇಸು ಬರುತ್ತಾರೆಂದು 1844ರ ಅಕ್ಟೋಬರ್ 22ಕ್ಕೆ ಕಾದರು, ಕೆಲವರು ಬೆಳೆ ಕೂಡ ಕೊಯ್ಯಲಿಲ್ಲ. ಆ ದಿನ ಏನೂ ಆಗಲಿಲ್ಲ. ಆ ದಿನ ಯಾರಿಗೂ ತಿಳಿಯದು ಎಂಬ ಮತ್ತಾಯ 24:36 ತಂದೆಗೆ ಬಾಯಿಪಾಠ, ನಾನು ಹೇಳಬೇಕಾಗಲಿಲ್ಲ. ತಂದೆಗೆ ಹೇಳಿದ್ದು ಇಷ್ಟು: ರಾತ್ರಿ ಊಟ ಆದಮೇಲೆ ಮೊಬೈಲ್ ಸೊಸೆಯ ಹತ್ತಿರ, ನಿದ್ದೆಗೆ ಡಾಕ್ಟರನ್ನು ಕಾಣುವುದು, ವಾಟ್ಸಾಪ್‌ನಲ್ಲಿ ವಚನ ಬಂದ್. ವಾದ ಬೇಕೇ ಬೇಕು ಅಂದರೆ ಸಭೆಯ ಅಯ್ಯನವರ (ಪಾದ್ರಿಯ) ಎದುರು ಕೂತು ಮಾಡಿ.

ಕಲ್ಲಿನ ವಿಷಯದಲ್ಲಿ ಮಾತ್ರ ನಾನು ನೇರವಾಗಿಯೇ ಹೇಳಿದೆ. ಅದು ಆಕೆಯ ಕಲ್ಲು. ಆಕೆ ಏನು ನಂಬಿ ತೀರಿಕೊಂಡರೋ ಅದೇ ಇರಲಿ. ಮಗ ಒಪ್ಪದಿದ್ದರೂ ಅದು ಆಕೆಯ ನಂಬಿಕೆ ಎಂಬುದು ಸುಳ್ಳಾಗುವುದಿಲ್ಲ. ಹಾಗೆಯೇ ಮಗನ ಹೆಸರನ್ನು ಬಲವಂತವಾಗಿ ಕೆತ್ತಿಸುವುದೂ ಬೇಡ.

ಮಗ ಬಾಲ್ಯದ ಭಯದ ಕಥೆ ಹೇಳಿದಾಗ ತಂದೆ ಬಹಳ ಹೊತ್ತು ಸುಮ್ಮನಿದ್ದು, "ಅಂತ್ಯಕಾಲದ ಆ ಕೂಟಗಳಿಗೆ ಕರೆದುಕೊಂಡು ಹೋದವನು ನಾನೇ" ಅಂದರು. ಕಲ್ಲಿನ ಮೇಲೆ ಆ ಸಾಲು ಬಂತು, ಮಕ್ಕಳ ಹೆಸರು ಬರಲಿಲ್ಲ. ತಂದೆಗೆ ಅದು ಇನ್ನೂ ನುಂಗಲಾರದ ವಿಷಯ. ನಿದ್ದೆ ಸ್ವಲ್ಪ ಸುಧಾರಿಸಿದೆ.

ಈಗ ಹೊಸ ತಕರಾರು ಮೊಮ್ಮಗಳ ಸಂಡೇ ಸ್ಕೂಲಿನದು. ಅಲ್ಲಿ ಪಾಠ ಮಾಡುವವರೇ ತಾತ. ಅಂತ್ಯಕಾಲದ ಹೆದರಿಕೆ ಮಗುವಿಗೆ ಬೇಡ ಎಂದು ಮಗ. ಸದ್ಯಕ್ಕೆ ಸೊಸೆ ಕ್ಲಾಸಿನಲ್ಲಿ ಜೊತೆಗೆ ಕೂರುತ್ತಾರೆ. ಈ ಸಲ ಜಗಳ ಬೆಳೆಯುವ ಮೊದಲೇ ಫೋನ್ ಮಾಡಿದ್ದಾರೆ. ಮುಂದಿನ ವಾರ ಮೂವರೂ ಬರುತ್ತಾರೆ.