ಕಕ್ಕಡದ ಮಳೆಯಲ್ಲಿ ಇಳಿದ ಗಾಜು ಮೇಲೆ ಬರಲಿಲ್ಲ

ಪ್ರಶ್ನೆ: ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸಕ್ಕೆಂದು ಅಕ್ಕನ ಮನೆಗೆ ಹೋಗಿದ್ದೆವು. ಕಾರಿನಲ್ಲಿ ಅವ್ವ ಮುಂದೆ ಎಡಗಡೆ ಕೂತಿದ್ದರು. ಗೇಟಿನ ಹತ್ತಿರ 'ನಾಯಿ ಕಟ್ಟಿ' ಅಂತ ಕೂಗಲು ಗಾಜು ಇಳಿಸಿದರು, ಅಷ್ಟೇ, ಆಮೇಲೆ ಮೇಲೆ ಬರಲಿಲ್ಲ. ಅವರ ಸ್ವಿಚ್‌ನಲ್ಲೂ ಇಲ್ಲ, ನನ್ನ ಕಡೆಯ ಸ್ವಿಚ್‌ನಲ್ಲೂ ಇಲ್ಲ, ಸದ್ದೇ ಬರುವುದಿಲ್ಲ. ಉಳಿದ ಮೂರೂ ಸರಿ ಇವೆ. ನಾನು ಸ್ವಿಚ್ ಎಳೆದು ಹಿಡಿದಿದ್ದಾಗ ಅವ್ವ ಬಾಗಿಲು ತೆಗೆದರು, ಆಗ ಎರಡು ಬೆರಳಷ್ಟು ಮೇಲೆ ಬಂದು ಮತ್ತೆ ನಿಂತಿತು. ಆ ಬಾಗಿಲಿನ ಸ್ಪೀಕರ್ ಎರಡು ತಿಂಗಳಿಂದ ಕರಕರ ಅನ್ನುತ್ತದೆ, ಅದು ಬೇರೆ ವಿಷಯ ಬಿಡಿ. ಗ್ಯಾರೇಜಿನವರು ಮೋಟರ್, ಗಾಜು ಏರಿಸಿ ಇಳಿಸುವ ಮೆಷಿನ್ ಎರಡೂ ಹೊಸದು ಹಾಕಬೇಕು, ಮೈಸೂರಿಂದ ತರಿಸಬೇಕು ಅನ್ನುತ್ತಾರೆ. ಗಾಡಿಗೆ ಒಂಬತ್ತು ವರ್ಷ. ಹಾಕಿಸಲಾ?
— ನಾಪೋಕ್ಲಿನ ಓದುಗರು

ಉತ್ತರ: ಈಗಲೇ ಹಾಕಿಸಬೇಡಿ. ಸ್ಪೀಕರ್ ಬೇರೆ ವಿಷಯ ಅಂದಿರಲ್ಲ, ಅದೇ ವಿಷಯ!

ಬಾಗಿಲಿಗೂ ಗಾಡಿಯ ಬಾಡಿಗೂ ನಡುವೆ, ಕೀಲಿನ ಹತ್ತಿರ, ಕಪ್ಪು ರಬ್ಬರಿನ ಒಂದು ಕೊಳವೆ ಇರುತ್ತದೆ, ಆನೆ ಸೊಂಡಿಲಿನ ಹಾಗೆ ಮಡಿಕೆ ಮಡಿಕೆ. ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗಿಂದಲೇ ಹೋಗಬೇಕು. ಗಾಜಿನ ಮೋಟರಿನದು, ಸ್ಪೀಕರಿನದು, ಲಾಕಿನದು, ಎಲ್ಲಾ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅವು ಒಂದೇ ಜಾಗದಲ್ಲಿ ಬಾಗುತ್ತವೆ. ಒಂಬತ್ತು ವರ್ಷ ಬಾಗಿದ ಮೇಲೆ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತದೆ, ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ. ಬಾಗಿಲು ಒಂದು ಕೋನಕ್ಕೆ ಬಂದಾಗ ಮುರಿದ ತುದಿಗಳು ತಾಗುತ್ತವೆ, ಆ ಎರಡು ಬೆರಳು ಬಂದದ್ದು ಹಾಗೆ. ಮೋಟರ್ ಸತ್ತಿದ್ದರೆ ಬಾಗಿಲು ತೆಗೆದ ಮಾತ್ರಕ್ಕೆ ಎದ್ದು ಬರುತ್ತಿತ್ತಾ?

ಮೊದಲು ಗಾಜು ಮೇಲೆ ತನ್ನಿ, ಈ ಮಳೆಯಲ್ಲಿ ಅದೇ ಅವಸರ. ಒಬ್ಬರು ಸ್ವಿಚ್ ಎಳೆದು ಹಿಡಿಯಲಿ, ಇನ್ನೊಬ್ಬರು ಬಾಗಿಲನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಲಿ. ಎಲ್ಲಿ ಕರೆಂಟ್ ತಾಗುತ್ತದೋ ಅಲ್ಲೇ ನಿಲ್ಲಿಸಿ, ಪೂರ್ತಿ ಮೇಲೆ ಹೋಗಲಿ. ಆಮೇಲೆ ಆ ಸ್ವಿಚ್ ಮುಟ್ಟಬೇಡಿ ಅಂತ ಮನೆಯ ಮಕ್ಕಳಿಗೂ ಹೇಳಿಬಿಡಿ. ಗಾಜನ್ನು ಎರಡೂ ಅಂಗೈ ನಡುವೆ ಒತ್ತಿ ಎತ್ತಬಹುದು ಅಂತ ಯಾರಾದರೂ ಹೇಳುತ್ತಾರೆ. ಅದು ಒಳಗಿನ ಕೇಬಲ್ ತುಂಡಾದಾಗ ಮಾತ್ರ ನಡೆಯುವ ಉಪಾಯ. ಕೇಬಲ್ ಸರಿ ಇದ್ದರೆ ಮೋಟರಿನ ಗೇರು ಗಾಜನ್ನು ಹಿಡಿದುಕೊಂಡಿರುತ್ತದೆ, ಎಷ್ಟು ಎಳೆದರೂ ಜಗ್ಗಲ್ಲ, ಬಲ ಹಾಕಿದರೆ ಗಾಜೇ ಒಡೆದೀತು.

ಇನ್ನೂ ಅನುಮಾನವಾ? ಕತ್ತಲಾದ ಮೇಲೆ ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ, ಒಳಗಿನ ಮಾಡಿನ ಲೈಟ್ ಹಚ್ಚಿ ಆ ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ಮಾತ್ರ ಎಳೆಯಿರಿ, ಇಳಿಸುವ ಕಡೆ ಬೇಡ. ಲೈಟ್ ಒಂದು ಚೂರು ಮಂಕಾದರೆ ಮೋಟರಿಗೆ ಕರೆಂಟ್ ಹೋಗುತ್ತಿದೆ ಅಂತ ಅರ್ಥ. ಹಾಗಾದರೆ ಮೋಟರೋ, ಸಿಕ್ಕಿಕೊಂಡ ಗಾಜೋ, ಅದನ್ನು ನೋಡಬೇಕು. ಮಂಕಾಗದಿದ್ದರೆ ಕರೆಂಟ್ ಹೆಚ್ಚಾಗಿ ದಾರಿಯಲ್ಲೇ ನಿಂತಿದೆ: ಫ್ಯೂಸ್, ಸ್ವಿಚ್ ಅಥವಾ ವೈರು. ಕೆಲವು ಗಾಡಿಗಳಲ್ಲಿ ಒಂದೊಂದು ಕಿಟಕಿಗೆ ಬೇರೆ ಬೇರೆ ಫ್ಯೂಸ್ ಇರುತ್ತದೆ, ಅದನ್ನೂ ಒಮ್ಮೆ ತೆಗೆದು ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದು ಹಾಕಿ, ಜಾಸ್ತಿಯದ್ದು ಖಂಡಿತ ಬೇಡ. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡುವುದು ವೈರು.

ಇದೇ ತೊಂದರೆ ಡ್ರೈವರ್ ಬಾಗಿಲಿನಲ್ಲಿ ಆಗಿದ್ದರೆ ನಾನು ಬೇರೆ ಕಡೆ ಕೈ ತೋರಿಸುತ್ತಿದ್ದೆ. ತುಂಬಾ ಗಾಡಿಗಳಲ್ಲಿ ಅಲ್ಲಿ ಸ್ವಿಚ್ಚೂ ಮೋಟರೂ ಒಂದೇ ಬಾಗಿಲಲ್ಲಿ ಇರುವುದರಿಂದ ಅವೆರಡರ ನಡುವಿನ ವೈರು ಆ ಸೊಂಡಿಲಿಗೆ ಬರುವುದೇ ಇಲ್ಲ. ಉಳಿದ ಮೂರು ನಡೆದು ಅದೊಂದೇ ನಿಂತರೆ ಮೊದಲ ಅನುಮಾನ ಸ್ವಿಚ್ ಮೇಲೆ. ನಮ್ಮ ಕಡೆ ಗಾಜು ಇಳಿಸಿ ಮಾತಾಡುವಾಗ ಮಳೆನೀರು ಸೀದಾ ಅದರ ಮೇಲೇ ಬೀಳುತ್ತದೆ ಅಲ್ವಾ.

ರಿಪೇರಿಗೆ ಬರೋಣ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೊಂಡಿಲನ್ನು ಬಾಡಿಯ ಕಡೆಯಿಂದ ಮೆಲ್ಲಗೆ ಕಿತ್ತು, ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಎಳೆದು ನೋಡಬೇಕು. ಮುರಿದದ್ದು ರಬ್ಬರಿನ ಹಾಗೆ ಉದ್ದವಾಗುತ್ತದೆ, ಒಳಗೆ ತಾಮ್ರವೇ ಇಲ್ಲವಲ್ಲ! ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಪಕ್ಕದವೂ ಅಷ್ಟೇ ವರ್ಷ ಬಾಗಿವೆ. ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು. ಮುರಿದ ಎರಡು ತುದಿಗಳನ್ನು ತಿರುಚಿ ಟೇಪ್ ಸುತ್ತಿ ಬಿಡುವವರು ಇದ್ದಾರೆ, ಒಪ್ಪಬೇಡಿ. ಮಡಿಕೇರಿ, ನಾಪೋಕ್ಲು ಕಡೆಯ ತೇವಕ್ಕೆ ಟೇಪ್ ಬಿಟ್ಟುಕೊಂಡು, ತಾಮ್ರಕ್ಕೆ ಹಸಿರು ಕಿಲುಬು ಹಿಡಿದು, ಬರುವ ಮಳೆಗಾಲಕ್ಕೆ ಮತ್ತೆ ನನಗೇ ಪತ್ರ ಬರೆಯುತ್ತೀರಿ. ತೆಳು ಎಳೆಗಳ ಮೆದು ವೈರು, ಮೊದಲಿನಷ್ಟೇ ದಪ್ಪದ್ದು, ಸ್ವಲ್ಪ ಉದ್ದ ಸೇರಿಸಿ, ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ತೋಳು ಹಾಕಿಸಿ. ಬೆಸುಗೆ ಸೊಂಡಿಲಿನೊಳಗೆ ಬಾಗುವ ಜಾಗದಲ್ಲಿ ಬರಬಾರದು, ಬಾಡಿಯ ಒಳಗೋ ಬಾಗಿಲಿನ ಒಳಗೋ ಇರಲಿ. ಒಳ್ಳೆ ಆಟೋ ಎಲೆಕ್ಟ್ರಿಷಿಯನ್‌ಗೆ ಇದು ಅರ್ಧ ದಿನದ ಕೆಲಸ.

ಗ್ಯಾರೇಜಿನವರ ಜೊತೆ ಜಗಳ ಬೇಡ. 'ಮೋಟರಿಗೆ ನೇರವಾಗಿ ಬ್ಯಾಟರಿ ಕೊಟ್ಟು ತೋರಿಸಿ ಅಣ್ಣಾ' ಅಂತ ಮಾತ್ರ ಕೇಳಿ. ಎರಡೇ ವೈರಿನ ಸಾದಾ ಮೋಟರ್ ಆದರೆ ವೈರು ಅದಲು ಬದಲು ಮಾಡಿದಾಗ ಮೇಲೆ, ಕೆಳಗೆ ಎರಡೂ ಕಡೆ ಓಡಬೇಕು. ಓಡಿದರೆ ಹೊಸದು ಯಾಕೆ? ಇದನ್ನು ಕೇಳದೆ ಒಮ್ಮೆ ನಾನೂ ಮೋಟರ್ ಹಾಕಿಸಿದವನೇ. ಹಳೆಯದು ಈಗಲೂ ಅಟ್ಟದ ಮೇಲಿದೆ, ಬ್ಯಾಟರಿ ಮುಟ್ಟಿಸಿದರೆ ಜುಂಯ್ ಅಂತ ತಿರುಗುತ್ತದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಸರಿಯಿದ್ದ ಗಾಜು ಜೂನ್‌ನಿಂದ ತೆವಳುತ್ತಾ ಏರುತ್ತದೆ, ಅರ್ಧಕ್ಕೆ ಓರೆಯಾಗಿ ನಿಲ್ಲುತ್ತದೆ. ನಾಲ್ಕೈದು ಸಲ ಒತ್ತಿದರೆ ಪೂರ್ತಿ ಸುಮ್ಮನಾಗಿ, ಹತ್ತು ನಿಮಿಷದ ಮೇಲೆ ಮತ್ತೆ ಜೀವ ಬರುತ್ತದೆ. ಗಾಡಿ ತೋಟದ ಮರದಡಿ ನಿಲ್ಲುತ್ತದೆ.
— ಸೋಮವಾರಪೇಟೆಯ ಓದುಗರು

ಉತ್ತರ: ಸುಮ್ಮನಾಗುವುದು ಮೋಟರಿನ ಆತ್ಮರಕ್ಷಣೆ. ಜಾಸ್ತಿ ಬಿಸಿಯಾದರೆ ತಾನೇ ಕರೆಂಟ್ ಕಡಿದುಕೊಂಡು, ತಣಿದ ಮೇಲೆ ಮತ್ತೆ ಸೇರಿಸಿಕೊಳ್ಳುತ್ತದೆ. ಅದನ್ನು ಬಿಸಿ ಮಾಡುತ್ತಿರುವುದು ಗಾಜು ಜಾರುವ ರಬ್ಬರ್ ಬೀಡಿಂಗ್ ಇರಬೇಕು. ತೋಟದ ನೆರಳಲ್ಲಿ ನಿಂತ ಗಾಡಿಗೆ ಅಲ್ಲಿ ಪಾಚಿ, ಮಣ್ಣು, ಸಿಲ್ವರ್ ಓಕಿನ ಎಲೆಚೂರು ಎಲ್ಲ ಸೇರಿ ಗಟ್ಟಿಯಾಗಿರುತ್ತದೆ. ಗಾಜು ಇಳಿಸಿ, ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಸೋಪು ನೀರು ಮುಟ್ಟಿಸಿ ಎರಡೂ ಬದಿ ಉಜ್ಜಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಇಂಜಿನ್ ಆಯಿಲ್, ಗ್ರೀಸ್ ಬೇಡ, ರಬ್ಬರ್ ಉಬ್ಬಿ ಇನ್ನೂ ಬಿಗಿಯಾಗುತ್ತದೆ, ಧೂಳೂ ಅಂಟುತ್ತದೆ. ತೊಳೆದ ಮೇಲೂ ಓರೆಯಾಗಿಯೇ ಏರಿದರೆ, ಅಥವಾ ಕಟಕಟ ಸದ್ದು ಬಂದರೆ, ಗಾಜನ್ನು ಹಿಡಿಯುವ ಪ್ಲಾಸ್ಟಿಕ್ ತುಂಡೋ ಕೇಬಲ್ಲೋ ಹೋಗಿದೆ, ಆಗ ಮೆಷಿನ್ ಬದಲಿಸಲೇಬೇಕು. ಬಾಗಿಲಿನ ತಳದಲ್ಲಿ ನೀರು ಇಳಿಯುವ ತೂತುಗಳಿವೆ, ಒಂದು ಕಡ್ಡಿ ಹಾಕಿ ಬಿಡಿಸಿ. ಬಾಗಿಲು ಹಾಕುವಾಗ ಒಳಗೆ ಗುಳುಗುಳು ಅಂದರೆ ಅವು ಕಟ್ಟಿವೆ ಅಂತಲೇ.

ಪ್ರಶ್ನೆ: ಹೊಸ ಬ್ಯಾಟರಿ ಹಾಕಿಸಿದ ಮೇಲೆ ಒಂದೇ ಸಲಕ್ಕೆ ಏರುತ್ತಿದ್ದ ಗಾಜು ತುಂಡು ತುಂಡಾಗಿ ಏರುತ್ತಿದೆ. ಬ್ಯಾಟರಿ ಸರಿ ಇಲ್ಲವಾ?
— ಕುಶಾಲನಗರದ ಓದುಗರು

ಉತ್ತರ: ಬ್ಯಾಟರಿ ಪಾಪ, ಅದರ ತಪ್ಪಿಲ್ಲ. ಕರೆಂಟ್ ತಪ್ಪಿದಾಗ ಗಾಜಿನ ತುದಿ ಎಲ್ಲಿ ಅನ್ನುವುದನ್ನು ಗಾಡಿ ಮರೆತಿದೆ. ಹೆಚ್ಚಿನ ಗಾಡಿಗಳಲ್ಲಿ ಗಾಜು ಪೂರ್ತಿ ಏರಿಸಿ, ಏರಿದ ಮೇಲೂ ಕೆಲವು ಸೆಕೆಂಡ್ ಸ್ವಿಚ್ ಎಳೆದೇ ಹಿಡಿದರೆ ನೆನಪು ಬರುತ್ತದೆ. ನಿಮ್ಮದರ ಸರಿಯಾದ ಕ್ರಮ ಗಾಡಿಯ ಪುಸ್ತಕದಲ್ಲಿದೆ. ಕಲಿಸುವವರೆಗೆ ಕೈ ತಾಗಿದರೆ ತಾನೇ ಇಳಿಯುವ ರಕ್ಷಣೆಯೂ ಕೆಲಸ ಮಾಡದಿರಬಹುದು, ಮಕ್ಕಳು ಕಿಟಕಿಗೆ ಕೈ ಇಡದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಗಾಜಿನ ರಿಪೇರಿ ಆಗಿ ವಾರವಾಯಿತು. ಈಗ ಗಾಜು ಚೆನ್ನಾಗಿದೆ, ಆದರೆ ಕಾಲಡಿಯ ಮ್ಯಾಟ್ ಒದ್ದೆ!
— ವಿರಾಜಪೇಟೆಯ ಓದುಗರು

ಉತ್ತರ: ಬಾಗಿಲಿನ ಒಳಬದಿ ಮುಚ್ಚುವ ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಬಿಚ್ಚಿದವರು ಅದನ್ನು ಹರಿದು ಬಿಸಾಕಿದ್ದಾರೆ, ಇಲ್ಲಾ ಅಂಟಿಸದೆ ಮುಚ್ಚಿದ್ದಾರೆ ಅನ್ನಿಸುತ್ತದೆ. ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜ, ಆ ಹಾಳೆ ಇಲ್ಲದಿದ್ದರೆ ಅದು ನಿಮ್ಮ ಕಾಲಿಗೆ ಬರುತ್ತದೆ. ವಾಪಸ್ ಹೋಗಿ ಪ್ಯಾಡ್ ಬಿಚ್ಚಿಸಿ, ಹಾಳೆ ಸುತ್ತಲೂ ಅಂಟಿಸಲು ಹೇಳಿ, ಅಂಟಿಸುವವರೆಗೆ ಪಕ್ಕದಲ್ಲೇ ನಿಂತಿರಿ.