ಗ್ಯಾಲ್ವೆಸ್ಟನ್ ಲೇಖನ ಕುರಿತು

ಪ್ರಿಯರೇ,

ಹ್ಯೂಸ್ಟನ್‌ನಿಂದ ನೀವು ಕಳಿಸಿದ 'ಹಡಗೊಡೆದವರ ಹೆಜ್ಜೆ ಹುಡುಕುತ್ತ' ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಹಾಗೆಂದು ಪಕ್ಕಕ್ಕೆಸೆಯುವ ಬರಹವೂ ಅಲ್ಲ; ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ಸಿಟ್ಟು ಬರಿಸಿದ ಸಂಗತಿ. ಫ್ಲಾರಿಡಾ ಗೆಲ್ಲಲು ಹೊರಟ ಸ್ಪೇನಿನ ನಾಯಕ ನಾರ್ವಾಯೆಸ್‌ನ ದಂಡು ದಿಕ್ಕೆಟ್ಟು, ಅದರ ಖಜಾಂಚಿ ಕಬೇಸಾ ದೆ ವಾಕಾನಿದ್ದ ದೋಣಿ 1528ರ ನವೆಂಬರಿನಲ್ಲಿ ಅಪ್ಪಳಿಸಿದ "ಅದೇ ಮರಳಿನ ಮೇಲೆ" ನಿಂತು ಪುಳಕಗೊಂಡೆ ಎಂದು ಪುಟವಿಡೀ ಬರೆದಿದ್ದೀರಿ. ನೀವು ನಿಂತದ್ದು ಟೆಕ್ಸಾಸ್ ಕರಾವಳಿಯ ದ್ವೀಪ ಗ್ಯಾಲ್ವೆಸ್ಟನ್‌ನ ತಡೆಗೋಡೆಯ ಬಳಿ. 1900ರ ಚಂಡಮಾರುತ ಊರನ್ನು ನುಂಗಿದ ಮೇಲೆ ಕಟ್ಟಿದ ಗೋಡೆ ಅದು. ಹೂಳೆತ್ತಿದ ಮರಳು ತುಂಬಿ ಅದರ ಹಿಂದಿನ ಊರನ್ನೇ ಎತ್ತರಿಸಿದರು. ಅಷ್ಟಕ್ಕೂ ಅದು ಅದೇ ದ್ವೀಪ ಹೌದೋ ಅಲ್ಲವೋ ಎಂಬುದೇ ಇತ್ಯರ್ಥವಾಗಿಲ್ಲ. ಕಬೇಸಾ ದೆ ವಾಕಾ 'ಮಾಲ್ಹಾದೊ' ಎಂದು ಕರೆದ ದ್ವೀಪ ಅರ್ಧ ಲೀಗ್ ಅಗಲ, ಐದು ಲೀಗ್ ಉದ್ದವಂತೆ. ಲೀಗಿಗೆ ಐದೂವರೆ ಕಿಲೋಮೀಟರ್ ಹಿಡಿದರೂ 28 ದಾಟುವುದಿಲ್ಲ. ಗ್ಯಾಲ್ವೆಸ್ಟನ್ 40 ಮೀರುತ್ತದೆ. ಹಾಗಾಗಿ ಅದರ ನೈರುತ್ಯಕ್ಕಿರುವ ಫಾಲೆಟ್ಸ್ ದ್ವೀಪದ ಕಡೆ ಬೆರಳು ತೋರಿಸುವವರೂ ಇದ್ದಾರೆ. ಈ ಲೆಕ್ಕವನ್ನು ಓದುಗರ ಕಣ್ಣೆದುರಿಗೆ ಮಾಡಿದ್ದರೆ ಪುಳಕವನ್ನು ನೀವು ಘೋಷಿಸಬೇಕಾಗುತ್ತಿರಲಿಲ್ಲ.

ಇನ್ನು ಆ ದ್ವೀಪದವರನ್ನು ನೀವು ಕರೆದದ್ದು "ನರಭಕ್ಷಕ ಕಾಡುಜನ". ಇದು ಎಲ್ಲಿಂದ ಬಂತು? 1542ರಲ್ಲಿ ಅಚ್ಚಾದ ಕಬೇಸಾ ದೆ ವಾಕಾನ ವೃತ್ತಾಂತದಲ್ಲಂತೂ ಇಲ್ಲ. ದೋಣಿಯನ್ನು ಮತ್ತೆ ನೀರಿಗಿಳಿಸಲು ಹೋಗಿ ಅದು ಮಗುಚಿ, ಉಳಿದವರು ಬೆತ್ತಲೆಯಾಗಿ ಚಳಿಯಲ್ಲಿ ನಡುಗುತ್ತಿದ್ದಾರೆ. ದ್ವೀಪದವರು ಬಂದು ನೋಡುತ್ತಾರೆ. ಇವರ ನಡುವೆ ಕುಳಿತು ಅರ್ಧ ಗಂಟೆಗೂ ಮಿಕ್ಕಿ ಗಟ್ಟಿಯಾಗಿ ಅಳುತ್ತಾರೆ. ಮನೆಗೆ ಒಯ್ಯುವಾಗ ದಾರಿಯಲ್ಲೇ ಸತ್ತಾರು ಎಂದು ನಾಲ್ಕೈದು ಕಡೆ ಬೆಂಕಿ ಹಾಕಿಸಿ, ಒಂದೊಂದರ ಮುಂದೂ ಮೈ ಕಾಯಿಸಿ, ಕಾಲು ನೆಲಕ್ಕೆ ಸೋಕದಷ್ಟು ಅವಸರದಲ್ಲಿ ಹೊತ್ತೊಯ್ಯುತ್ತಾರೆ. ಅದೇ ಚಳಿಗಾಲ ಹಸಿವಿನಿಂದ ಒಬ್ಬರನ್ನೊಬ್ಬರು ತಿಂದವರು ದಡದಲ್ಲಿ ಬಿಡಾರ ಹೂಡಿದ್ದ ಐವರು ಸ್ಪೇನಿನವರು, ಕೊನೆಗೊಬ್ಬ ಉಳಿದ. ಅದನ್ನು ಕಂಡು ದ್ವೀಪದವರು ಹೇಸಿದರು. ನೀವು ಕಥೆಯನ್ನು ತಲೆಕೆಳಗು ಮಾಡಿದ್ದೀರಿ. ಇದು ಶೈಲಿಯ ದೋಷವಲ್ಲ, ಅನ್ಯಾಯ. ಸರಿಪಡಿಸದೆ ಮುಂದಿನ ಮಾತಿಲ್ಲ.

ಹಾಗೆಯೇ, ಬದುಕಿ ಮೆಕ್ಸಿಕೊ ನಗರ ಮುಟ್ಟಿದ ನಾಲ್ವರಲ್ಲಿ ಮೂವರ ಹೆಸರು ಹೇಳಿ ನಾಲ್ಕನೆಯವನನ್ನು "ಒಬ್ಬ ಗುಲಾಮ" ಎಂದು ಮುಗಿಸಿದ್ದೀರಿ. ಮೊರಾಕ್ಕೊದ ಅಸೆಮ್ಮೂರಿನ ಎಸ್ತೆವಾನಿಕೊ ಅವನು. ಎದುರಾದ ಜನರೊಂದಿಗೆ ಮಾತಾಡಿ ದಾರಿ ಕೇಳುತ್ತಿದ್ದವನೇ ಅವನು.

"ಒಂದು ಮೊಳೆಯೂ ಸಿಗಲಿಲ್ಲ" ಎಂದು ಕೊನೆಯಲ್ಲಿ ಕೊರಗಿದ್ದೀರಿ. ಸಿಗುವುದಾದರೂ ಹೇಗೆ? ದೋಣಿ ಕಟ್ಟಲು ರಿಕಾಪು, ಕುದುರೆ ಸವಾರರ ಮುಳ್ಳುಗಾಲಿ, ಅಡ್ಡಬಿಲ್ಲುಗಳನ್ನು ಕರಗಿಸಿ ಮೊಳೆ ಮಾಡಿದವರು ಅವರು. ಕುದುರೆಯ ಬಾಲ, ಕೇಸರದ ಕೂದಲಿನಿಂದ ಹಗ್ಗ, ಮೈಮೇಲಿನ ಅಂಗಿಯಿಂದ ಹಾಯಿ. ಫ್ಲಾರಿಡಾದಲ್ಲಿ ಅವರು ಆ ಕುದುರೆಗಳನ್ನು ಕೊಂದು ತಿಂದ ಜಾಗದಲ್ಲಿ 1539ರಲ್ಲಿ ಇನ್ನೊಬ್ಬ ಸ್ಪೇನಿನ ನಾಯಕ ದೆ ಸೋತೊನ ಕಡೆಯವರಿಗೆ ಅವುಗಳ ತಲೆಬುರುಡೆಗಳು ಕಂಡಿದ್ದವು. ಆಗ ಕಳೆದದ್ದು ಹನ್ನೊಂದೇ ವರ್ಷ. ನಿಮಗೂ ಅವರಿಗೂ ನಡುವೆ ಐದು ಶತಮಾನ.

ಜಾಡು ನಿಮಗೆ ಸಿಕ್ಕಿದೆ, ಆದರೆ ಅದನ್ನು ತಮಾಷೆ ಎಂದು ದಾಟಿಬಿಟ್ಟಿದ್ದೀರಿ. ದಕ್ಷಿಣ ಟೆಕ್ಸಾಸಿನಲ್ಲಿ ಪಾಪಸುಕಳ್ಳಿಯ ಹಣ್ಣು ಕೀಳಲು ಹೋಗಿ, ಬೆರಳಿಗೆ ಹೊಕ್ಕ ಕೂದಲಿನಷ್ಟು ಸಣ್ಣ ಮುಳ್ಳುಗಳನ್ನು ರಾತ್ರಿ ಮೊಬೈಲ್ ಬೆಳಕಿನಲ್ಲಿ ಚಿಮಟದಿಂದ ತೆಗೆದ ಭಾಗ. ಲೇಖನ ಅದೇ! ಆ ಹಣ್ಣಿನ ಕಾಲಕ್ಕೆ ಬೇರೆ ಬೇರೆ ಗುಂಪುಗಳು ಒಂದೆಡೆ ಸೇರುತ್ತಿದ್ದವು. ಆಮೇಲೆ ಬೇರೆಬೇರೆ ಯಜಮಾನರ ಕೈಯಲ್ಲಿ ಆಳಾಗಿ ಸಿಕ್ಕಿದ್ದ ಈ ನಾಲ್ವರಿಗೆ ಜೊತೆಗೂಡಿ ತಪ್ಪಿಸಿಕೊಳ್ಳಲು ಇದ್ದ ಅವಕಾಶ ಅದೊಂದೇ. ಒಂದು ಸಲ ಎಲ್ಲ ಗೊತ್ತುಮಾಡಿಕೊಂಡಾಗ, ಒಬ್ಬ ಹೆಂಗಸಿನ ವಿಚಾರಕ್ಕೆ ಜಗಳವೆದ್ದು ಗುಂಪುಗಳು ಚದುರಿದವು. ಮತ್ತೆ ಹಣ್ಣಾಗುವವರೆಗೆ ಒಂದು ವರ್ಷ ಕಾಯಬೇಕಾಯಿತು. ಆ ಗಿಡ ಇವತ್ತಿಗೂ ಅಲ್ಲೇ ಇದೆ, ನಿಮ್ಮ ಬೆರಳನ್ನೂ ಚುಚ್ಚಿದೆ. ಪೈನ್ ಬೀಜದ ವಾದವನ್ನೂ ಓದಿಕೊಳ್ಳಿ. ತೆಳು ಸಿಪ್ಪೆಯದು, ಸ್ಪೇನಿನ ಕಾಸ್ಟೈಲಿನದಕ್ಕಿಂತ ಒಳ್ಳೆಯದು ಎಂದು ಕಬೇಸಾ ದೆ ವಾಕಾ ಬರೆದದ್ದನ್ನು ಹಿಡಿದು, ಅಂಥ ಮರ ಎಲ್ಲಿ ಬೆಳೆಯುತ್ತದೆ, ಆ ನಾಲ್ವರ ದಾರಿ ಟೆಕ್ಸಾಸಿನೊಳಗೇ ಹೋಯಿತೋ ರಿಯೊ ಗ್ರಾಂಡೆ ನದಿ ದಾಟಿ ಮೆಕ್ಸಿಕೊದೊಳಗೆ ಹೋಯಿತೋ ಎಂದು ವಿದ್ವಾಂಸರು ಜಗಳವಾಡಿದ್ದಾರೆ. ಮುಂದಿನ ರಜೆಗೆ ಕಡಲತೀರ ಬಿಟ್ಟು ಆ ಮರಗಳನ್ನು ನೋಡಲು ಹೋಗಿ.

ವಿಮಾನ, ಹೋಟೆಲು, ಬಾಡಿಗೆ ಕಾರಿನ ಪುಟಗಳನ್ನು ತೆಗೆಯಿರಿ. ನಿಮ್ಮ ಪತ್ನಿಯವರ ಟೀಕೆಗಳು ಇರಲಿ. ಲೇಖನದಲ್ಲಿ ವಿವೇಕದ ಮಾತಾಡಿದವರು ಅವರೊಬ್ಬರೇ. ಕಡಲಿನಲ್ಲಿ ಮುಳುಗುವ ಸೂರ್ಯ ಬೇಡ. ಅದು ಮಲ್ಪೆಯ ಅಭ್ಯಾಸ. ಗ್ಯಾಲ್ವೆಸ್ಟನ್‌ನ ತೀರ ಆಗ್ನೇಯಕ್ಕೆ ಮುಖ ಮಾಡಿದೆ, ಅಲ್ಲಿ ಸೂರ್ಯ ನೆಲದ ಕಡೆ ಮುಳುಗುತ್ತಾನೆ. ಒಂದೂವರೆ ಸಾವಿರ ಪದ ಸಾಕು. ದೀಪಾವಳಿ ವಿಶೇಷಾಂಕದ ಪುಟ ಕಟ್ಟುವ ಮೊದಲು ತಲುಪಿದರೆ ಅದರಲ್ಲೇ ಜಾಗ ಕೊಡುತ್ತೇನೆ. ಮುಳ್ಳು ಚುಚ್ಚಿದ ಬೆರಳಿನ ಚಿತ್ರವಿದ್ದರೆ ಅದನ್ನೂ ಕಳಿಸಿ.

ಇಂತು,
ಸಂಪಾದಕ